ಪರದೇಶದ ಪೇಟೆಯೂ ನಮ್ಮ ಸಣ್ಣ ಬೆಳೆಗಾರನೂ

ಕಾಡು ಕಡಿದ ನೆಲದಲ್ಲಿ ಬೆಳೆದ ಸರಕನ್ನು ತನ್ನ ಪೇಟೆಗೆ ಸೇರಿಸಬಾರದೆಂದು ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಕಟ್ಟಳೆಯು 2024ರ ಕೊನೆಗೆ ಆಚರಣೆಗೆ ಬರಬೇಕಾಗಿತ್ತು. ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. 2025ರ ಡಿಸೆಂಬರಿನಲ್ಲಿ ಮತ್ತೊಂದು ಸಲ ಮುಂದಕ್ಕೆ ಹಾಕಿ, ದೊಡ್ಡ ಮತ್ತು ಮಧ್ಯಮ ತರದ ವ್ಯಾಪಾರ ಸಂಸ್ಥೆಗಳಿಗೆ 2026ರ ಡಿಸೆಂಬರ್ 30ನ್ನೂ, ಸಣ್ಣವುಗಳಿಗೆ 2027ರ ಜೂನ್ 30ನ್ನೂ ಗಡುವಾಗಿ ಗೊತ್ತುಮಾಡಿದರು. ಎರಡು ಸಲ ಸರಿದ ಗಡುವು ಮೂರನೆಯ ಸಲವೂ ಸರಿದೀತೆಂಬ ನೆಚ್ಚಿಕೆಯಿಂದ ನಮ್ಮ ಕಾಫಿ ಸೀಮೆಯು ಕೈಕಟ್ಟಿ ಕುಳಿತರೆ ಅದಕ್ಕಿಂತ ದೊಡ್ಡ ಅವಿವೇಕವು ಬೇರೊಂದಿರಲಾರದು. ಬೆಂಕಿ ಬಿದ್ದಾಗ ಬಾವಿ ತೋಡುವ ರೂಢಿ ನಮ್ಮಲ್ಲಿ ಹಳೆಯದು. ಈ ಸಲವಾದರೂ ಬಾವಿಯನ್ನು ಮೊದಲು ತೋಡಬೇಕೆಂದು ಸರಕಾರಕ್ಕೂ ಕಾಫಿ ಮಂಡಳಿಗೂ ವರ್ತಕರಿಗೂ ಬೆಳೆಗಾರರಿಗೂ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶವಾಗಿದೆ.

ವಿಷಯದ ಗುರುತ್ವವನ್ನು ಮೊದಲು ತಿಳಿಯಬೇಕು. ಭಾರತದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ಎಂದರೆ ಬಹುಮಟ್ಟಿಗೆ ಕೊಡಗು, ಚಿಕ್ಕಮಗಳೂರು, ಹಾಸನ ಎಂಬ ಮೂರೇ ಜಿಲ್ಲೆಗಳದು. ಬೆಳೆದುದರಲ್ಲಿ ಹೆಚ್ಚಿನ ಪಾಲು ಹಡಗನ್ನೇರುತ್ತದೆ. 2024–25ನೆಯ ಸಾಲಿನಲ್ಲಿ ದೇಶದ ಕಾಫಿ ರಫ್ತಿನ ಮೌಲ್ಯವು ಸುಮಾರು 180 ಕೋಟಿ ಡಾಲರು. ಕೊಳ್ಳುವವರಲ್ಲಿ ಇಟಲಿಯು ಮುಂದಾಳು. ಜರ್ಮನಿ, ಬೆಲ್ಜಿಯಂ ದೇಶಗಳು ಅದರ ಬೆನ್ನಿಗಿವೆ. ಹೀಗೆ ಮಲೆನಾಡಿನ ಅನೇಕ ಮನೆಗಳ ಒಲೆಯು ಉರಿಯುವುದೂ ಆರುವುದೂ ಯುರೋಪಿನ ಪೇಟೆಯನ್ನು ಅವಲಂಬಿಸಿದೆ. ಪ್ಲಾಂಟರ್ ಎಂದೊಡನೆ ಪಟ್ಟಣದ ವಾಚಕರ ಕಣ್ಣೆದುರಿಗೆ ಬಂಗಲೆಯೂ ಮೋಟಾರು ಗಾಡಿಯೂ ನಿಲ್ಲುತ್ತವೆ. ವಾಸ್ತವ ಸ್ಥಿತಿಯು ಬೇರೆ. ಈ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಪಾಲು ಹತ್ತು ಹೆಕ್ಟೇರಿಗೆ ಒಳಪಟ್ಟವು. ಎರಡು ಮೂರು ಎಕರೆಯಲ್ಲಿ ಕಾಫಿ, ಮೆಣಸು, ಒಂದಿಷ್ಟು ಬಾಳೆ ಬೆಳೆದು ಜೀವಿಸುವವರ ಸಂಖ್ಯೆಯೇ ದೊಡ್ಡದು. ನಾವು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಇವರ ವಿಷಯವನ್ನು ಕುರಿತು.

ಕಟ್ಟಳೆಯ ತಿರುಳು ಹೀಗಿದೆ. ದನ, ಕೋಕೋ, ಕಾಫಿ, ತಾಳೆ, ರಬ್ಬರು, ಸೋಯಾ, ಮರಮುಟ್ಟು ಎಂಬ ಏಳು ಬಗೆಯ ಸರಕುಗಳಿಗೆ ಇದು ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ತರುವಾಯ ಕಾಡನ್ನು ಕಡಿದು ಮಾಡಿದ ನೆಲದಲ್ಲಿ ಸರಕು ಬೆಳೆದಿರಬಾರದು. ಬೆಳೆದ ದೇಶದ ಸಂಬಂಧಪಟ್ಟ ಕಾನೂನುಗಳಿಗೆ, ಅವುಗಳಲ್ಲಿಯೂ ಭೂಮಿಯ ಹಕ್ಕಿನ ಕಾನೂನಿಗೆ, ವಿರೋಧವಾಗಿ ಬೆಳೆದಿರಬಾರದು. ಇವೆರಡನ್ನೂ ಆಮದು ಮಾಡುವವನು ಬರಹದ ಮೂಲಕ ಒಪ್ಪಿಸಿಕೊಡಬೇಕು. ಅದಕ್ಕಾಗಿ ಸರಕು ಬೆಳೆದ ಪ್ರತಿಯೊಂದು ತೋಟದ ಅಕ್ಷಾಂಶ ರೇಖಾಂಶಗಳನ್ನು ತೋರಿಸಬೇಕು. ನಾಲ್ಕು ಹೆಕ್ಟೇರಿಗಿಂತ, ಎಂದರೆ ಸುಮಾರು ಹತ್ತು ಎಕರೆಗಿಂತ, ದೊಡ್ಡದಾದ ತೋಟಕ್ಕೆ ಸುತ್ತುಗಡಿಯ ನಕಾಶೆಯೇ ಬೇಕು. ಅದಕ್ಕೆ ಒಳಪಟ್ಟುದಕ್ಕೆ ಒಂದು ಬಿಂದು ಸಾಕು. ತಪ್ಪಿದವರಿಗೆ ವಿಧಿಸಬಹುದಾದ ದಂಡದ ಮೇಲ್ಮಿತಿಯು ಅವರ ವಾರ್ಷಿಕ ವಹಿವಾಟಿನ ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಿರಬಾರದೆಂದು ಮೂಲ ಕಟ್ಟಳೆಯಲ್ಲಿ ಹೇಳಿದೆ. 2025ರ ಮೇ ತಿಂಗಳಲ್ಲಿ ಒಕ್ಕೂಟವು ಭಾರತವನ್ನು ಅಪಾಯ ಕಡಿಮೆಯಿರುವ ದೇಶಗಳ ಪಟ್ಟಿಗೆ ಸೇರಿಸಿತು. ಇದು ಸಂತೋಷದ ಸಂಗತಿಯೇ ಸರಿ. ಇದರಿಂದ ಕೊಳ್ಳುವವನ ವಿಚಾರಣೆಯ ಭಾರವು ಕೊಂಚ ಇಳಿಯುತ್ತದೆ. ಆದರೆ ಸರಕು ಯಾವ ನೆಲದ್ದೆಂದು ಹೇಳುವ ಹೊಣೆಯು ಇದರಿಂದ ತಪ್ಪುವುದಿಲ್ಲ.

ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳ ಭೇದವು ಗೊತ್ತು. ಹಿಂದಿನ ಕಾಲದ ಗಿರಾಕಿಯು ಕಾಳನ್ನು ಕೈಯಲ್ಲಿ ಹಿಡಿದು, ಮೂಸಿ, ಹುರಿದು, ಕುಡಿದು ಬೆಲೆ ಕಟ್ಟುತ್ತಿದ್ದನು. ಅದು ಪ್ರತ್ಯಕ್ಷ. ಈಗಿನ ಗಿರಾಕಿಗೆ ಅದು ಸಾಲದು. ಅವನಿಗೆ ಶಬ್ದಪ್ರಮಾಣ ಬೇಕು, ಎಂದರೆ ಕಾಗದ ಬೇಕು. ಕಾಳು ಎಷ್ಟೇ ಒಳ್ಳೆಯದಾಗಿರಲಿ, ಅದರ ಜನ್ಮಪತ್ರಿಕೆಯಿಲ್ಲದಿದ್ದರೆ ಬಾಗಿಲು ತೆರೆಯದು. ದೊಡ್ಡ ಪೇಟೆಗಳ ಸುತ್ತ ಈಗ ಎದ್ದಿರುವ ಗೋಡೆಯು ಸುಂಕದ್ದಕ್ಕಿಂತ ಹೆಚ್ಚಾಗಿ ಇಂಥ ಸಾಕ್ಷ್ಯದ್ದು. ಸುಂಕವನ್ನು ಹಣ ತೆತ್ತು ದಾಟಬಹುದು. ಸಾಕ್ಷ್ಯವನ್ನಾದರೋ ಸಮಾಜವು ವರ್ಷಗಟ್ಟಲೆ ಕೂಡಿಸಿಟ್ಟಿರಬೇಕಾಗುತ್ತದೆ.

ಇದರ ಪೆಟ್ಟು ಯಾರ ಮೇಲೆ ಬೀಳುವುದೆಂಬುದನ್ನು ವಾಚಕರು ಗಮನಿಸಬೇಕು. ಸಣ್ಣ ಬೆಳೆಗಾರನು ಹಣ್ಣನ್ನು ಕೊಯ್ದು, ಮನೆಯ ಮುಂದಿನ ಕಣದಲ್ಲಿ ಒಣಗಿಸಿ, ಹತ್ತಾರು ಮೂಟೆ ಮಾಡಿ ಊರ ವರ್ತಕನಿಗೆ ಕೊಡುತ್ತಾನೆ. ವರ್ತಕನ ಕೋಠಿಯಲ್ಲಿ ಅದು ಹತ್ತು ಊರಿನ ಕಾಫಿಯೊಡನೆ ಬೆರೆಯುತ್ತದೆ. ಅಲ್ಲಿಂದ ಕ್ಯೂರಿಂಗ್ ಕಾರ್ಖಾನೆಗೆ, ಅಲ್ಲಿಂದ ಬಂದರಕ್ಕೆ. ಒಂದು ಕಂಟೈನರಿನಲ್ಲಿ ನೂರಾರು ಮನೆಗಳ ಕಾಫಿ ಇರಬಹುದು. ಕಟ್ಟಳೆಯ ಪ್ರಕಾರ ಮೂಲ ತಿಳಿಯದ ಕಾಫಿಯನ್ನು ಮೂಲ ತಿಳಿದುದರೊಡನೆ ಬೆರೆಸುವಂತಿಲ್ಲ; ಆ ನೂರು ಮನೆಗಳಲ್ಲಿ ಒಂದರ ಗುರುತು ಸಿಗದಿದ್ದರೂ ಇಡೀ ಸರಕು ಶಂಕೆಗೆ ಈಡಾಗುತ್ತದೆ. ಆಗ ರಫ್ತುಗಾರನು ಏನು ಮಾಡಿಯಾನು? ನಕಾಶೆಯಿರುವ ನಾಲ್ಕು ದೊಡ್ಡ ಎಸ್ಟೇಟುಗಳಿಂದ ಕೊಂಡು ನಿಶ್ಚಿಂತನಾಗಿರುವನು; ಎರಡು ಎಕರೆಯವನ ಬಾಗಿಲಿಗೆ ಹೋಗಲಾರನು. ಹೋದರೂ, ಕಾಗದವಿಲ್ಲದ ಕಾಫಿಯೆಂದು ಬೆಲೆಯನ್ನು ತಗ್ಗಿಸಿಯಾನು. ಕಾಡನ್ನು ಕಡಿಯದೆ ತಾತನ ಕಾಲದ ತೋಟವನ್ನು ಕಾಪಾಡಿಕೊಂಡು ಬಂದವನೇ, ಕಡಿಯಲಿಲ್ಲವೆಂದು ತೋರಿಸಲಾರದೆ ಶಿಕ್ಷೆ ಅನುಭವಿಸುವನು. ಈ ಅನ್ಯಾಯವನ್ನು ತಪ್ಪಿಸುವುದೇ ಇಂದಿನ ಮುಖ್ಯ ಕೆಲಸವೆಂದು ನಾವು ಒತ್ತಿ ಹೇಳುತ್ತೇವೆ.

ಭೂಮಿಯ ಹಕ್ಕಿನ ಮಾತು ಇನ್ನೂ ತೊಡಕಾದುದು. ಮಲೆನಾಡಿನ ಎಷ್ಟೋ ಕುಟುಂಬಗಳಲ್ಲಿ ಅಣ್ಣತಮ್ಮಂದಿರು ಬೇರೆಬೇರೆಯಾಗಿ ಉಳುಮೆ ಮಾಡಿದರೂ ಪಹಣಿಯು ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಹಲವರ ಹಿಡುವಳಿಯಿದ್ದು ಪೋಡಿಯಾಗಿರುವುದಿಲ್ಲ. ಕೊಡಗಿನ ಜಮ್ಮಾ ಬಾಣೆಯ ಹಕ್ಕುಗಳ ಜಟಿಲತೆಯನ್ನು ಅಧಿಕಾರಿಗಳೇ ಚೆನ್ನಾಗಿ ಬಲ್ಲರು. ಇಷ್ಟು ದಿನ ಇವು ನಮ್ಮ ಮನೆಯ ಜಗಳಗಳಾಗಿದ್ದವು. ತಾಲೂಕು ಕಚೇರಿಯ ಮೆಟ್ಟಿಲನ್ನು ದಾಟಿ ಹೋಗುತ್ತಿರಲಿಲ್ಲ. ಈಗ ಹ್ಯಾಂಬರ್ಗಿನ ಬಂದರದಲ್ಲಿ ಕುಳಿತವನು ಆ ಪಹಣಿಯನ್ನು ಕೇಳಬಹುದಾಗಿದೆ. ನಮ್ಮ ಕಂದಾಯ ಇಲಾಖೆಯ ಹಳೆಯ ಸೋಮಾರಿತನವು ನಮ್ಮ ರಫ್ತಿಗೆ ಅಡ್ಡಿಯಾಗುವ ಕಾಲ ಬಂದಿತೆಂದರೆ ಅತಿಶಯೋಕ್ತಿಯಲ್ಲ.

ನೆರಳಿನ ವಿಷಯದಲ್ಲಿಯೂ ಒಂದು ವಿಪರೀತವಿದೆ. ಬ್ರಜಿಲ್ ದೇಶದಲ್ಲಿ ಕಾಫಿಯನ್ನು ಬಹುಮಟ್ಟಿಗೆ ಬಿಸಿಲಿನ ಬಯಲಿನಲ್ಲಿ ಬೆಳೆಯುತ್ತಾರೆ. ನಮ್ಮವರು ಬೀಟೆ, ಹೊನ್ನೆ, ಅತ್ತಿ, ಹಲಸುಗಳ ಕೆಳಗೆ ಬೆಳೆಯುತ್ತಾರೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಇಂಥ ತೋಟವೂ ಕಾಡೂ ಒಂದೇ ಬಗೆಯಾಗಿ ಕಾಣಬಹುದು. ತೋಟವನ್ನು ಕಾಡೆಂದು ಮೊದಲು ಎಣಿಸಿ, ಮಾರನೆಯ ವರ್ಷ ಬೆಳೆಗಾರನು ಎಂದಿನಂತೆ ಮರಗಸಿ ಮಾಡಿದಾಗ ಕಾಡು ಕಡಿದನೆಂದು ತಿಳಿಯುವ ಭಯವುಂಟು. ನಮ್ಮ ಗುಣವೇ ನಮಗೆ ದೋಷವಾಗದಂತೆ ಮೊದಲೇ ಎಚ್ಚರ ವಹಿಸಬೇಕು. ದೂರದವರು ಮಾಡಿದ ನಕಾಶೆಯು ತಪ್ಪೆಂದು ಸಾಧಿಸುವುದಕ್ಕೆ ನಮ್ಮದೇ ಆದ ಸರಿಯಾದ ನಕಾಶೆಯು ಕೈಯಲ್ಲಿರಬೇಕು.

ಇಷ್ಟನ್ನು ಕೇಳಿದೊಡನೆ ಕೆಲವು ದೇಶಾಭಿಮಾನಿಗಳು ಕೋಪಗೊಳ್ಳುವರು. ತಮ್ಮ ಕಾಡುಗಳನ್ನು ಎಂದೋ ಕಡಿದು ಮುಗಿಸಿದವರು ನಮಗೆ ಕಾಡಿನ ಪಾಠ ಹೇಳುವುದೇ ಎಂದು ಕೇಳುವರು. ಪ್ರಶ್ನೆಯು ನಿರಾಧಾರವಲ್ಲ. ಇಂಗ್ಲೆಂಡು 1700ರಲ್ಲಿಯೂ 1721ರಲ್ಲಿಯೂ ಭಾರತದ ಚೀಟಿ ಬಟ್ಟೆಯನ್ನು ಕಾನೂನಿನ ಬಲದಿಂದ ಹೊರಗಿಟ್ಟು ತನ್ನ ನೇಕಾರಿಕೆಯನ್ನು ಬೆಳೆಸಿಕೊಂಡ ಚರಿತ್ರೆಯನ್ನು ನಾವು ಮರೆತಿಲ್ಲ. ಇಂದಿಗೂ ಒಕ್ಕೂಟದ ಸಾಮಾನ್ಯ ಸುಂಕದ ಪಟ್ಟಿಯಲ್ಲಿ ಹಸಿ ಕಾಫಿಯ ಕಾಳಿಗೆ ಸುಂಕವಿಲ್ಲ. ಹುರಿದ ಕಾಫಿಗೆ ನೂರಕ್ಕೆ ಏಳೂವರೆ ಸುಂಕವುಂಟು. ಕಾಳು ಬರಲಿ, ಹುರಿಯುವ ಲಾಭವು ನಮ್ಮಲ್ಲಿಯೇ ಉಳಿಯಲಿ ಎಂಬುದೇ ಇದರ ಅರ್ಥ. ಒಂದು ಕಾಫಿಯ ಗಿಡವನ್ನೂ ಬೆಳೆಯದ ಜರ್ಮನಿ, ಇಟಲಿಗಳು ಹುರಿದ ಕಾಫಿಯನ್ನು ಲೋಕಕ್ಕೆಲ್ಲ ಮಾರುವ ವೈಚಿತ್ರ್ಯದ ಗುಟ್ಟು ಇದರಲ್ಲಿಯೂ ಇದೆ.

ಆದರೂ ನ್ಯಾಯವಾಗಿ ಮಾತನಾಡಬೇಕಾದರೆ, ಈ ಕಟ್ಟಳೆಯ ಉದ್ದೇಶವನ್ನು ನಾವು ಹಳಿಯಲಾರೆವು. ಕಾಡು ಉಳಿಯಬೇಕಾದುದು ಯುರೋಪಿನ ಸಲುವಾಗಿಯಲ್ಲ. ಕಾವೇರಿಯು ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ, ಹೇಮಾವತಿಯು ಹುಟ್ಟುವುದು ಮೂಡಿಗೆರೆಯ ಸೀಮೆಯಲ್ಲಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆಮಠಗಳ ಸಮೇತ ಕುಸಿದುದನ್ನು ಕಂಡವರು ಮಲೆಯ ಮೈಯನ್ನು ಬೋಳಿಸಬಹುದೆಂದು ಹೇಳಲಾರರು. ಉದ್ದೇಶವು ನಮ್ಮದೂ ಹೌದು. ನಾವು ಆಕ್ಷೇಪಿಸುವುದು ಅದರ ಖರ್ಚಿನ ಹಂಚಿಕೆಯನ್ನು. ಸಾಕ್ಷ್ಯವನ್ನು ಬಯಸುವವನು ಶ್ರೀಮಂತ ಗಿರಾಕಿ. ಅದನ್ನು ಒದಗಿಸುವ ವೆಚ್ಚವು ಎರಡು ಎಕರೆಯವನದು ಎಂಬುದು ಧರ್ಮವಲ್ಲ. ಹಾಗೆಂದು ಕೋಪಿಸಿಕೊಂಡು ಮನೆಯಲ್ಲಿ ಕುಳಿತರೂ ಪ್ರಯೋಜನವಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆಯನ್ನು ನಮ್ಮ ಹಿರಿಯರು ವೃಥಾ ಹೇಳಿಲ್ಲ.

ಇಂಥ ಗೋಡೆಗಳನ್ನು ನಮ್ಮ ದೇಶದವರೇ ದಾಟಿದ ಉದಾಹರಣೆಗಳಿವೆ. 2003ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷವು ಮಿತಿಮೀರಿದೆಯೆಂದು ಯುರೋಪಿನಲ್ಲಿ ಕೂಗೆದ್ದಿತು. ಕೃಷಿ ರಫ್ತು ಪ್ರಾಧಿಕಾರವು ತೋಟ ತೋಟವನ್ನೂ ನೋಂದಾಯಿಸಿ, ಪರೀಕ್ಷಾಲಯಗಳನ್ನು ಗೊತ್ತುಮಾಡಿ, ಪೆಟ್ಟಿಗೆಯಿಂದ ಬಳ್ಳಿಯವರೆಗೆ ಜಾಡು ಹಿಡಿಯಬಹುದಾದ ‘ಗ್ರೇಪ್‌ನೆಟ್’ ಎಂಬ ಏರ್ಪಾಡನ್ನು 2006ರಲ್ಲಿ ಮಾಡಿತು. ವ್ಯಾಪಾರವು ಬೆಳೆಯಿತು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಔಷಧದ ಶೇಷವು ಸಿಕ್ಕಿ ಮತ್ತೆ ಪೆಟ್ಟು ಬಿದ್ದಿತು. ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಆ ಹೆಸರೇ ಇದ್ದಿರಲಿಲ್ಲ. ಪಟ್ಟಿಯನ್ನು ತಿದ್ದಿದರು, ದ್ರಾಕ್ಷಿಯು ಮತ್ತೆ ಹಡಗನ್ನೇರಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಸಾಕ್ಷ್ಯವನ್ನು ಒದಗಿಸುವ ಹೊರೆಯನ್ನು ಒಬ್ಬೊಬ್ಬ ರೈತನ ತಲೆಯ ಮೇಲೆ ಹಾಕದೆ ಒಂದು ಸಾರ್ವಜನಿಕ ಸಂಸ್ಥೆಯು ಹೊತ್ತಿತು.

ಮಾವಿನ ಕಥೆಯು ಇನ್ನೊಂದು ಪಾಠವನ್ನು ಹೇಳುತ್ತದೆ. 1989ರಿಂದ ಮುಚ್ಚಿದ್ದ ಅಮೆರಿಕದ ಬಾಗಿಲು, ಹಣ್ಣಿಗೆ ವಿಕಿರಣ ಸಂಸ್ಕಾರ ಮಾಡಿ ಕೀಟಭಯವನ್ನು ನಿವಾರಿಸುವ ಒಪ್ಪಂದವಾದ ಮೇಲೆ 2007ರಲ್ಲಿ ತೆರೆಯಿತು. ಆದರೆ ಅಮೆರಿಕದ ಪರೀಕ್ಷಕನೇ ಇಲ್ಲಿಗೆ ಬಂದು ನಿಂತು ನೋಡಬೇಕು. ಅವನ ವೆಚ್ಚವು ನಮ್ಮದು. 2025ರ ಮೇ ತಿಂಗಳಲ್ಲಿ ಮುಂಬಯಿಯಿಂದ ವಿಮಾನದಲ್ಲಿ ಹೋದ ಹದಿನೈದು ರವಾನೆಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಡೆದರು. ಹಣ್ಣಿನಲ್ಲಿ ಕೀಟವಿದ್ದುದಕ್ಕಲ್ಲ, ಸಂಸ್ಕಾರದ ಕಾಗದದಲ್ಲಿ ದೋಷವಿತ್ತೆಂದು. ಹಿಂದಕ್ಕೆ ತರುವ ವೆಚ್ಚಕ್ಕಿಂತ ಅಲ್ಲಿಯೇ ನಾಶಮಾಡುವುದು ಅಗ್ಗವೆಂದು ರಫ್ತುಗಾರರು ಹಣ್ಣನ್ನು ನಾಶಮಾಡಿಸಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಇದಕ್ಕೆ ಒಪ್ಪುತ್ತದೆ. ಗುಮಾಸ್ತನೊಬ್ಬನ ಲೇಖನಿಯ ತಪ್ಪು ಒಂದು ವರ್ಷದ ಬೆಳೆಯನ್ನು ನುಂಗಬಲ್ಲುದು.

ಕಾಫಿಗೂ ಇಂಥ ಕಷ್ಟವು ಹೊಸದಲ್ಲ. ಎರಡನೆಯ ಮಹಾಯುದ್ಧವು ಯುರೋಪಿನ ಪೇಟೆಯನ್ನು ಮುಚ್ಚಿದಾಗ ನಮ್ಮ ಬೆಳೆಗಾರರು ದಿಕ್ಕೆಟ್ಟಿದ್ದರು. ಆಗ 1942ರ ಕಾಫಿ ಕಾನೂನು ಬಂದು, ಕಾಫಿಯನ್ನೆಲ್ಲ ಒಂದು ಸಾಮಾನ್ಯ ರಾಶಿಗೆ ಸೇರಿಸಿ ಮಂಡಳಿಯೇ ಮಾರುವ ‘ಪೂಲ್’ ಪದ್ಧತಿಯು ನೆಲೆಗೊಂಡಿತು. 1992ರಿಂದ ಹಂತಹಂತವಾಗಿ ಸಡಿಲವಾಗುತ್ತ 1996ರಲ್ಲಿ ಅದು ಕೊನೆಗೊಂಡಿತು. ಹಣವು ತಡವಾಗಿ ಕೈಸೇರುತ್ತದೆಂಬ ದೂರು ಆ ಪದ್ಧತಿಯ ಮೇಲೆ ಇದ್ದೇ ಇತ್ತು. ಅದನ್ನು ಮರಳಿ ತರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಒಬ್ಬೊಬ್ಬನಿಂದ ಆಗದ ಕೆಲಸವನ್ನು ಎಲ್ಲರೂ ಕೂಡಿ ಮಾಡಬೇಕೆಂಬ ತತ್ತ್ವವು ಹಳೆಯದಾಗುವುದಿಲ್ಲ. ಅಂದು ಕಾಳಿನ ರಾಶಿಯನ್ನು ಕೂಡಿಸಿದೆವು. ಇಂದು ಸಾಕ್ಷ್ಯದ ರಾಶಿಯನ್ನು ಕೂಡಿಸಬೇಕಾಗಿದೆ.

ಆದಕಾರಣ ಸರಕಾರಕ್ಕೆ ನಾವು ಮಾಡುವ ಸೂಚನೆಗಳು ಇವು. ಬೆಳೆಗಾರರ ನೋಂದಣಿಗೆ ಕಾಫಿ ಮಂಡಳಿಯು ಮೊಬೈಲ್ ಆಪ್ ಮೂಲಕ ವ್ಯವಸ್ಥೆ ಮಾಡಿರುವುದು ಶ್ಲಾಘನೀಯ. ಆದರೆ ಸಂಜ್ಞೆ ಸಿಗದ ಹಳ್ಳದ ತಳದಲ್ಲಿ, ಅರುವತ್ತು ದಾಟಿದ ಬೆಳೆಗಾರನು ಮೊಬೈಲನ್ನು ಹಿಡಿದು ಅಕ್ಷಾಂಶವನ್ನು ಹುಡುಕಲಿ ಎಂದರೆ ಕೆಲಸ ನಡೆಯದು. ಕಂದಾಯ, ಭೂಮಾಪನ, ಅರಣ್ಯ ಇಲಾಖೆಗಳೂ ಮಂಡಳಿಯ ಅಧಿಕಾರಿಗಳೂ ಒಂದೇ ದಿನ ಒಂದೇ ಕಡೆ ಹೋಬಳಿಗೊಂದು ಬಿಡಾರ ಹೂಡಿ, ತೋಟವನ್ನು ಗುರುತಿಸಿ, ಪಹಣಿಯ ದೋಷವಿದ್ದರೆ ಅಲ್ಲಿಯೇ ಅರ್ಜಿ ತೆಗೆದುಕೊಂಡು, ಬೆಳೆಗಾರನ ಕೈಗೆ ಒಂದು ಪತ್ರವನ್ನು ಪುಕ್ಕಟೆಯಾಗಿ ಕೊಡಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ ಒಂದು ಇಲಾಖೆಯು ತೋಟವೆಂದುದನ್ನು ಇನ್ನೊಂದು ಕಾಡೆನ್ನುವ ಸ್ಥಿತಿಯು ಕೊನೆಗೊಳ್ಳಬೇಕು. ಇದು ಅಸಾಧ್ಯವಾದ ಕೆಲಸವಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆಯೇ ‘ಭೂಮಿ’ ಯೋಜನೆಯ ಮೂಲಕ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ರಾಜ್ಯವಿದು. ಮೂರು ಜಿಲ್ಲೆಗಳ ಕಾಫಿ ತೋಟಗಳನ್ನು ನಕಾಶೆಗೆ ಏರಿಸಲಾರದೆ? ಹೀಗೆ ಕೂಡಿದ ಮಾಹಿತಿಯು ಮಂಡಳಿಯ ಸ್ವಾಧೀನದಲ್ಲಿಯೇ ಇರಬೇಕೆಂಬುದೂ ಮುಖ್ಯ. ಬೆಳೆಗಾರನ ನೆಲದ ಗುಟ್ಟು ಖಾಸಗಿ ಕಂಪೆನಿಗಳ ಕಡತದಲ್ಲಿ ಸೇರಿ, ಅದನ್ನು ಪಡೆಯಲು ಅವನೇ ಹಣ ತೆರುವಂತಾಗಬಾರದು. ಒಬ್ಬನೇ ಗಿರಾಕಿಗೆ ಅವನು ಕಟ್ಟುಬೀಳುವಂತೆಯೂ ಆಗಬಾರದು.

ವರ್ತಕರಿಗೂ ರಫ್ತುಗಾರರಿಗೂ ಒಂದು ಮಾತು. ಗುರುತಿನ ಖರ್ಚೆಂಬ ಹೆಸರಿನಲ್ಲಿ ಬೆಳೆಗಾರನ ಮೂಟೆಯಿಂದ ಹಣ ಹಿಡಿಯುವ ಹೊಸ ಕಸರತ್ತನ್ನು ಅವರು ಆರಂಭಿಸಬಾರದು. ಸಾಕ್ಷ್ಯವುಳ್ಳ ಕಾಫಿಗೆ ಹೊರಗೆ ಹೆಚ್ಚಿನ ಬೆಲೆ ಸಿಕ್ಕರೆ ಅದರ ಪಾಲು ತೋಟಕ್ಕೂ ತಲಪಬೇಕು. ಖರೀದಿ ಮಾಡಿದಾಗ ಬೆಳೆಗಾರನ ಹೆಸರು, ತೂಕ, ದಿನಾಂಕಗಳಿರುವ ಚೀಟಿಯನ್ನು ಕೊಡಬೇಕು. ಒಂದೊಂದು ರಾಶಿಯ ಲೆಕ್ಕವನ್ನು ಕೋಠಿಯಲ್ಲಿ ಬೇರೆಯಾಗಿ ಇಡಬೇಕು. ಎಲ್ಲಿಂದಲೋ ಬಂದ ಕಾಫಿಯನ್ನು ಗುರುತುಳ್ಳ ತೋಟದ ಹೆಸರಿನಲ್ಲಿ ಸಾಗಿಸುವ ಒಬ್ಬನ ದುರಾಸೆಯು ಇಡೀ ಸೀಮೆಯ ಹೆಸರನ್ನು ಕೆಡಿಸುವುದು.

ಬೆಳೆಗಾರರ ಹೊಣೆಯನ್ನೂ ಹೇಳದೆ ಬಿಡಲಾರೆವು. ಯುರೋಪಿನ ಬಾಗಿಲಿನಲ್ಲಿ ನಕಾಶೆಯೊಂದೇ ಪರೀಕ್ಷೆಯಲ್ಲ. ಬೂಷ್ಟಿನಿಂದ ಹುಟ್ಟುವ ಓಕ್ರಟಾಕ್ಸಿನ್ ಎಂಬ ವಿಷವು ಹುರಿದ ಕಾಫಿಯಲ್ಲಿ ಕಿಲೋ ಒಂದಕ್ಕೆ ಐದು ಮೈಕ್ರೋಗ್ರಾಂ ಇರಬಹುದೆಂದಿದ್ದ ಮಿತಿಯನ್ನು ಅಲ್ಲಿ 2023ರಿಂದ ಮೂರಕ್ಕೆ ಇಳಿಸಿದ್ದಾರೆ. ಹಣ್ಣನ್ನು ಮಣ್ಣಿನ ಮೇಲೆ ರಾಶಿ ಹಾಕಿ, ಸರಿಯಾಗಿ ಒಣಗುವ ಮುಂಚೆಯೇ ಚೀಲಕ್ಕೆ ತುಂಬಿದರೆ ಈ ವಿಷಕ್ಕೆ ದಾರಿಯಾಗುತ್ತದೆ. ಇದನ್ನು ತಪ್ಪಿಸಲು ದೊಡ್ಡ ವಿಜ್ಞಾನವು ಬೇಡ. ಗಟ್ಟಿ ನೆಲದ ಶುಚಿಯಾದ ಕಣ, ಸಕಾಲದಲ್ಲಿ ತಿರುವಿ ಹಾಕುವ ಕೈ, ತೇವವನ್ನು ಅಳೆಯುವ ಒಂದು ಯಂತ್ರ ಇಷ್ಟು ಸಾಕು. ಒಬ್ಬನಿಗೆ ಇವು ದುಬಾರಿಯಾದರೆ ಊರಿನ ಹತ್ತು ಮಂದಿ ಕೂಡಿ ಸಂಘ ಕಟ್ಟಿಕೊಳ್ಳಲಿ. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿಯ ಸಂಶೋಧನೆ ನಡೆಯುತ್ತಿದೆ. ಅಲ್ಲಿಯ ವಿದ್ವಾಂಸರ ತಿಳಿವಳಿಕೆಯು ಎರಡು ಎಕರೆಯವನ ಕಣಕ್ಕೆ ಇಳಿದು ಬರಲಿ. ಸಾಲದುದಕ್ಕೆ ಇನ್ನೊಂದು ಮಾತು: ಬೆಲೆ ಏರಿದ ಆಸೆಗೆ ಯಾರಾದರೂ ಕಾಡಿನಂಚನ್ನು ಒತ್ತುವರಿ ಮಾಡಿದರೆ ಅವರ ಪರವಾಗಿ ಈ ಪತ್ರಿಕೆಯು ಒಂದಕ್ಷರವನ್ನೂ ಬರೆಯದು.

ಯುರೋಪು ಬೇಡ, ರಷ್ಯವೂ ಅರಬ್ಬೀ ದೇಶಗಳೂ ಇಲ್ಲವೆ ಎಂದು ಕೇಳುವವರಿದ್ದಾರೆ. ಇವೆ; ಅವುಗಳನ್ನೂ ಬೆಳೆಸಿಕೊಳ್ಳಬೇಕು. ನಮ್ಮ ದೇಶದಲ್ಲಿಯೇ ಕಾಫಿ ಕುಡಿಯುವವರನ್ನು ಹೆಚ್ಚಿಸಬೇಕು. ಒಂದೇ ಬಾಗಿಲನ್ನು ನಂಬಿದ ಮನೆಯು ಭದ್ರವಲ್ಲ. ಆದರೆ ಇಂದು ಯುರೋಪು ಕೇಳಿದ ಸಾಕ್ಷ್ಯವನ್ನು ನಾಳೆ ಬೇರೆಯವರೂ ಕೇಳದಿರರು. ಈ ಕೆಲಸವನ್ನು ಒಮ್ಮೆ ಚೆನ್ನಾಗಿ ಮಾಡಿಕೊಂಡರೆ ಅದು ಎಲ್ಲ ಪೇಟೆಗಳಿಗೂ ಉಪಯೋಗವಾಗುವುದು. ಅಜ್ಜನ ಹೆಸರಿನ ಪಹಣಿಯು ಮೊಮ್ಮಗನ ಹೆಸರಿಗೆ ಬಂದರೆ ಬ್ಯಾಂಕಿನ ಸಾಲಕ್ಕೂ ಬೆಳೆಯ ವಿಮೆಗೂ ಅದೇ ಆಧಾರವಾಗುವುದು. ಹಾಗೆಯೇ ನೆರಳಿನ ಕಾಫಿಯೆಂಬ ನಮ್ಮ ಹೆಗ್ಗಳಿಕೆಗೆ ಸಾಕ್ಷ್ಯ ದೊರೆತರೆ ಬೆಲೆಯೂ ದೊರೆಯಬಹುದು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರಾಬಿಕಾಗಳಿಗೆ ದೊರೆತ ಭೌಗೋಳಿಕ ಗುರುತು ಇನ್ನೂ ಹೆಚ್ಚಾಗಿ ಕಾಗದದಲ್ಲಿಯೇ ಇದೆ. ಅದನ್ನು ಪೇಟೆಗೆ ತರಲು ಇದೇ ಸಮಯ.

ಅಡ್ಡಿಯನ್ನೇ ಆಸ್ತಿಯಾಗಿ ಮಾಡಿಕೊಂಡ ನಿದರ್ಶನವು ನಮ್ಮ ಕರಾವಳಿಯಲ್ಲಿಯೇ ಇದೆ. ಹಾಯಿಹಡಗಿನ ಕಾಲದಲ್ಲಿ ಆಫ್ರಿಕವನ್ನು ಸುತ್ತಿ ಹೋಗುತ್ತಿದ್ದ ಕಾಫಿಯು ತಿಂಗಳುಗಟ್ಟಲೆ ಕಡಲಿನ ತೇವವನ್ನು ಕುಡಿದು, ಉಬ್ಬಿ, ಹಳದಿಯಾಗಿ ತಲಪುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ರೂಢಿಯಾಯಿತು. 1869ರಲ್ಲಿ ಸುಯೆಜ್ ಕಾಲುವೆಯು ತೆರೆದು ಪ್ರಯಾಣವು ಕಿರಿದಾದ ಮೇಲೆ, ಹಸಿರಾಗಿ ಬಂದ ಕಾಳನ್ನು ಅವರು ಒಪ್ಪಲಿಲ್ಲವೆಂದು ಹೇಳುತ್ತಾರೆ. ಆಗ ಮಂಗಳೂರಿನ ಕಡೆಯ ವರ್ತಕರು ಕಾಳನ್ನು ಮುಂಗಾರಿನ ಗಾಳಿಗೆ ಹರಡಿ ಅದೇ ಬಣ್ಣ, ಅದೇ ರುಚಿಯನ್ನು ತಂದುಕೊಟ್ಟರು. ‘ಮಾನ್ಸೂನ್ಡ್ ಮಲಬಾರ್’ ಎಂಬ ಆ ಕಾಫಿಯು ಇಂದಿಗೂ ಬೆಲೆಯುಳ್ಳ ಸರಕು. ಆ ವರ್ತಕರು ಗಿರಾಕಿಯ ಅಪೇಕ್ಷೆಯನ್ನು ತಿಳಿದು ತಮ್ಮ ಊರಿನ ಗಾಳಿಯಿಂದಲೇ ಉತ್ತರ ಕೊಟ್ಟರು.

ದೆಹಲಿಯ ಸರಕಾರವು ಬ್ರಸೆಲ್ಸಿನಲ್ಲಿ ಮಾತನಾಡುವಾಗ ಎರಡು ಅಂಶಗಳನ್ನು ಬಿಡಬಾರದು. ಕಾಫಿ ಮಂಡಳಿಯೂ ರಾಜ್ಯ ಸರಕಾರವೂ ಕೊಟ್ಟ ಪತ್ರವನ್ನು ಒಕ್ಕೂಟವು ಪ್ರಮಾಣವೆಂದು ಅಂಗೀಕರಿಸಬೇಕು. ಸಣ್ಣ ಹಿಡುವಳಿಗಳ ಗುರುತಿನ ವೆಚ್ಚದಲ್ಲಿ ಕೊಳ್ಳುವವರೂ ಪಾಲುಗೊಳ್ಳಬೇಕು. ಹುರಿದ ಕಾಫಿಯ ಮೇಲಣ ಸುಂಕದ ಮಾತನ್ನೂ ಜೊತೆಯಲ್ಲಿಯೇ ಎತ್ತಬೇಕು. ಇವನ್ನು ದಿಟ್ಟತನದಿಂದ ಕೇಳುವ ಯೋಗ್ಯತೆ ಬರಬೇಕಾದರೆ ನಮ್ಮ ಮನೆಯ ಲೆಕ್ಕವು ಚೊಕ್ಕಟವಾಗಿರಬೇಕು.

2024ರಲ್ಲಿಯೂ 2025ರಲ್ಲಿಯೂ ಕಾಫಿಗೆ ಬಂದ ಉತ್ತಮ ಬೆಲೆಯು ಎಷ್ಟೋ ಸಾಲಗಳನ್ನು ತೀರಿಸಿತು. ಅದರ ಜೊತೆಗೆ ಒಂದಿಷ್ಟು ಮೈಮರೆವನ್ನೂ ತಂದಿರಬಹುದು. ಈ ಶತಮಾನದ ಆರಂಭದಲ್ಲಿ ಬೆಲೆಯು ಪಾತಾಳಕ್ಕೆ ಇಳಿದಾಗ ತೋಟಗಳಲ್ಲಿ ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದೆ ಹೋದುದನ್ನು ಬೆಳೆಗಾರರು ಮರೆತಿರಲಾರರು. ಕೈಯಲ್ಲಿ ನಾಲ್ಕು ಕಾಸಿರುವ ಕಾಲವೇ ಮನೆಯ ಮಾಡನ್ನು ಸರಿಪಡಿಸುವ ಕಾಲ. ಹೋಬಳಿಯ ಬಿಡಾರಗಳು ಬರುವ ಮಳೆಗಾಲಕ್ಕೆ ಮುಂಚೆ ಆರಂಭವಾಗಬೇಕೆಂದು ನಾವು ಒತ್ತಾಯಿಸುತ್ತೇವೆ; ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಭೂಮಾಪಕನ ಸರಪಣಿ ಎಳೆಯುವಂತಿಲ್ಲವೆಂಬುದು ಅಧಿಕಾರಿಗಳಿಗೆ ತಿಳಿದೇ ಇದೆ. ಕಂದಾಯ ಮಂತ್ರಿಗಳೂ ಕಾಫಿ ಮಂಡಳಿಯ ಅಧ್ಯಕ್ಷರೂ ಈ ವಿಷಯದಲ್ಲಿ ಮೂರು ಜಿಲ್ಲೆಗಳ ಬೆಳೆಗಾರರ ಪ್ರತಿನಿಧಿಗಳನ್ನು ಕರೆದು ಒಂದು ಕಾರ್ಯಕ್ರಮವನ್ನೂ ದಿನಾಂಕವನ್ನೂ ಪ್ರಕಟಿಸುವರೆಂದು ನಿರೀಕ್ಷಿಸುತ್ತೇವೆ.